ಮಡೆ ಮುಚ್ಚಿದ ದಿನದ ಬಗ್ಗೆ ಬರೆಯಿರಿ

ನಮಸ್ಕಾರ.

ನಿಮ್ಮ ಅಜ್ಜನ ಬಗ್ಗೆ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಸಣ್ಣ ಊರಿನ ರೈತರೊಬ್ಬರು ಪಂಚಾಯತಿ ಮುಖ್ಯಸ್ಥರಾದ ಕತೆಯನ್ನು ಒಂಬತ್ತು ಪುಟದಲ್ಲಿ ಬರೆದಿದ್ದೀರಿ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ ಅಂತ ಕೇಳಿಕೊಳ್ಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಬರೆದಿರುವುದು ಸನ್ಮಾನ ಪತ್ರ. ಸರಳ ಸಜ್ಜನ, ಬಡವರ ಬಂಧು, ಅಜಾತಶತ್ರು. ಶಾಲು ಹೊದಿಸುವಾಗ ಓದುವ ಈ ಮಾತುಗಳು ಯಾವ ಊರಿನ ಯಾವ ಹಿರಿಯರಿಗೆ ಬೇಕಾದರೂ ಹೊಂದುತ್ತವೆ, ಅಲ್ವಾ? ಅದರಲ್ಲೂ 'ಅಜಾತಶತ್ರು' ಅನ್ನುವುದನ್ನು ನಂಬಲು ನನಗೆ ಕಷ್ಟವಾಯಿತು. ಐದು ವರ್ಷ ಊರಿನ ನೀರು, ರಸ್ತೆ, ನಿವೇಶನ ನೋಡಿಕೊಂಡವರ ಮೇಲೆ ಯಾರಾದರೂ ಒಬ್ಬರು ಮುನಿಸಿಕೊಂಡೇ ಇರುತ್ತಾರೆ. ಆ ಮುನಿಸಿನ ಕಾರಣ ಬರೆದರೆ ಅಜ್ಜನ ಗೌರವ ಕಮ್ಮಿಯಾಗುವುದಿಲ್ಲ. ಅವರು ಎಂಥ ಮನುಷ್ಯ ಅನ್ನುವುದು ಓದುವವರಿಗೆ ಅಲ್ಲಿಂದಲೇ ಗೊತ್ತಾಗುವುದು.

ಆರನೇ ಪುಟದಲ್ಲಿ ಒಂದು ಸಾಲು ಇದೆ: "ಆ ವರ್ಷ ಕೆರೆ ನೀರು ಸಾಲದೆ ಹೋದಾಗ ಅಜ್ಜ ಮೊದಲು ನಮ್ಮ ಗದ್ದೆಯ ಮಡೆಯನ್ನೇ ಮುಚ್ಚಿದರು." ಅಷ್ಟೇ. ಮುಂದಿನ ಸಾಲಿನಲ್ಲಿ ಶಾಲೆ ಕಟ್ಟಡದ ಉದ್ಘಾಟನೆಗೆ ಹೋಗಿಬಿಟ್ಟಿದ್ದೀರಿ. ನಾನು ಮಾತ್ರ ಗದ್ದೆಗೆ ನೀರು ಬರುವ ಬಾಯಿಯಾದ ಆ ಮಡೆಯ ಪಕ್ಕ, ಬದುವಿನ ಮೇಲೇ ನಿಂತುಬಿಟ್ಟೆ. ಭತ್ತ ಆಗ ಎಷ್ಟು ಬೆಳೆದಿತ್ತು? ಹೊಡೆ ಬರುವ ಹೊತ್ತಿಗೆ, ಅಂದರೆ ತೆನೆ ಇನ್ನೇನು ಹೊರಬರುವಾಗ, ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಅದು ಗೊತ್ತಿದ್ದೂ ಮುಚ್ಚಿದರೇ? ಕೆರೆ ನೀರು ಹಂಚುವ ನೀರುಗಂಟಿಗೆ ಹೇಳಿ ಮುಚ್ಚಿಸಿದರೋ, ತಾವೇ ಗುದ್ದಲಿ ಹಿಡಿದರೋ? ಕಾಲುವೆಯ ಕೊನೆಯಲ್ಲಿ ಯಾರ ಗದ್ದೆ ಇತ್ತು? ಆ ಸುಗ್ಗಿಯಲ್ಲಿ ಎಷ್ಟು ಮೂಟೆ ಕಮ್ಮಿ ಬಂತು? ಅವತ್ತು ರಾತ್ರಿ ಮನೆಯಲ್ಲಿ ಏನು ಮಾತು ನಡೆಯಿತು?

ನೀವು 'ಕೃಷಿ ಜೀವನ' ಅಂತ ಒಂದು ಭಾಗ, 'ಸಾರ್ವಜನಿಕ ಜೀವನ' ಅಂತ ಇನ್ನೊಂದು ಭಾಗ ಮಾಡಿದ್ದೀರಿ. ಅವರು ಬದುಕಿದ್ದು ಹಾಗಲ್ಲ. ಕಾಲಿನ ಕೆಸರು ತೊಳೆದುಕೊಂಡು ಸಭೆಗೆ ಹೋದವರು, ಸಭೆ ಮುಗಿಸಿ ದನಕ್ಕೆ ಹುಲ್ಲು ಹಾಕಿದವರು. ನಿಮ್ಮ ಒಂಬತ್ತು ಪುಟದಲ್ಲಿ ಆ ಎರಡೂ ಒಟ್ಟಿಗೆ ಕಂಡಿದ್ದು ಮಡೆ ಮುಚ್ಚಿದ ಆ ಸಾಲಿನಲ್ಲಿ ಮಾತ್ರ.

ವಿವರಗಳಲ್ಲೂ ತಪ್ಪಿದೆ. '1987ರಿಂದ ಗ್ರಾಮ ಪಂಚಾಯತಿ ಅಧ್ಯಕ್ಷ' ಅಂತ ಬರೆದಿದ್ದೀರಿ. ಆಗ ಇದ್ದದ್ದು ಮಂಡಲ ಪಂಚಾಯತಿ. 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು, ಮುಖ್ಯಸ್ಥರನ್ನು 'ಪ್ರಧಾನ' ಅಂತ ಕರೆಯುತ್ತಿದ್ದರು. ಈಗಿನ ಗ್ರಾಮ ಪಂಚಾಯತಿ ಬಂದದ್ದು 1993ರ ಕಾಯ್ದೆಯಿಂದ. ನಿಮ್ಮೂರಿನ ಹಿರಿಯರು ಇವತ್ತಿಗೂ ಅವರನ್ನು 'ಪ್ರಧಾನರು' ಅಂತಲೇ ಕರೆಯುತ್ತಿರಬಹುದು, ಕೇಳಿ ನೋಡಿ. ಆ ಮಂಡಲಗಳಲ್ಲಿ ಶೇ 25 ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಅಜ್ಜನ ಜೊತೆ ಸಭೆಯಲ್ಲಿ ಕೂತ ಹೆಂಗಸರು ಯಾರು? ನಿಮ್ಮ ಲೇಖನದಲ್ಲಿ ಒಬ್ಬರೂ ಇಲ್ಲ. ಅವರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೋಗಿ ಮಾತಾಡಿಸಿ. ಅಜ್ಜನ ಬಗ್ಗೆ ಮನೆಯವರು ಹೇಳದ ಮಾತು ಅವರು ಹೇಳುತ್ತಾರೆ.

'ಊರಿಗೆ ಬೋರ್‌ವೆಲ್ ತಂದ ಭಗೀರಥ' ಅನ್ನುವುದನ್ನೂ ತೆಗೆಯಿರಿ. ಆ ಕಾಲಕ್ಕೆ ರಾಜ್ಯದ ಹಳ್ಳಿಹಳ್ಳಿಗೂ ಬೋರ್‌ವೆಲ್ ಬರುತ್ತಿತ್ತು. ಅದಕ್ಕೇ ಅಲ್ಲವೇ ಜನ ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರನ್ನು 'ನೀರ್ ಸಾಬ್' ಅಂದದ್ದು? ಕೈಪಂಪು ಯಾವ ಕೇರಿಯಲ್ಲಿ ಕೂರಬೇಕು ಅನ್ನುವ ವಿಷಯದಲ್ಲಿ ನಿಮ್ಮಜ್ಜ ಏನು ಮಾಡಿದರು? ನನಗೆ ಬೇಕಾದದ್ದು ಅದು. ಪ್ರಧಾನರ ಮನೆ ಮುಂದೆಯೋ, ಊರಾಚೆಯ ಕೇರಿಯಲ್ಲೋ? ಮನೆ ಮುಂದೆಯೇ ಹಾಕಿಸಿಕೊಂಡಿದ್ದರೆ ಅದನ್ನೂ ಮುಚ್ಚಿಡಬೇಡಿ.

ಪ್ರಶಸ್ತಿಗಳ ಪಟ್ಟಿ ಬೇಡ. ಕೊನೆಯ ಕವಿತೆಯೂ ಬೇಡ.

ಅಜ್ಜಿ ಇನ್ನೂ ಇದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಚುರುಕು ಅಂತ ಪತ್ರದಲ್ಲಿ ಬರೆದಿದ್ದೀರಿ. ಲೇಖನದಲ್ಲಿ ಅವರ ಒಂದು ಮಾತೂ ಇಲ್ಲ! ಈ ವಾರವೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಅಜ್ಜ ಎಷ್ಟು ದೊಡ್ಡವರು ಅಂತ ಕೇಳಬೇಡಿ. ಮಡೆ ಮುಚ್ಚಿ ಮನೆಗೆ ಬಂದಾಗ ನೀನು ಏನಂದೆ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಮೂರೇ ಪುಟವಾದರೂ ಸಾಕು, ನನ್ನ ಹೆಸರಿಗೇ ಕಳಿಸಿ.