ಕುತ್ತಿಗೆ ಗಾಯಕ್ಕೆ ಸೀಮೆಎಣ್ಣೆ ಬೇಡ

ತೀರ್ಥಹಳ್ಳಿ ಬಸ್ ನಿಲ್ದಾಣದ ಹತ್ತಿರದ ನಾಯಿಗೆ ಕುತ್ತಿಗೆಯಲ್ಲಿ ಹುಳ ಬಿದ್ದಿದೆ, ಸೀಮೆಎಣ್ಣೆ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಸೀಮೆಎಣ್ಣೆಯಾಗಲಿ ಫಿನಾಯಿಲ್ ಆಗಲಿ ಹಸಿ ಮಾಂಸವನ್ನು ಸುಡುತ್ತದೆ, ನೆಕ್ಕಿದರೆ ವಿಷ.

ಮೊದಲು ನಿಮ್ಮ ರಕ್ಷಣೆ. ಕೈಗವಸು ಹಾಕಿ. ಒಂದು ಮೀಟರ್ ಬ್ಯಾಂಡೇಜ್ ಬಟ್ಟೆಯನ್ನು ನಾಯಿಯ ಮೂತಿಗೆ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿ, ತುದಿಗಳನ್ನು ಕಿವಿಗಳ ಹಿಂದೆ ಕಟ್ಟಿ. ಅದು ಏದುಸಿರು ಬಿಡುತ್ತಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಮೂತಿ ಕಟ್ಟಲೇಬಾರದು. ಕಚ್ಚಿದರೆ ಅಥವಾ ಹಲ್ಲು ತರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಶುರು ಮಾಡಿಸಿ.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಸೂಜಿ ತೆಗೆದ ಸಿರಿಂಜಿನಿಂದ ಗಾಯ ತೊಳೆಯಿರಿ. ಸುತ್ತಲಿನ ಕೂದಲು ಕತ್ತರಿಸಿ. ಪಶು ಔಷಧದ ಅಂಗಡಿಯಲ್ಲಿ ಹುಳದ ಗಾಯಕ್ಕೆಂದೇ ಸ್ಪ್ರೇ ಸಿಗುತ್ತದೆ. ಕಣ್ಣಿಗೆ ತಾಗದಂತೆ ಹೊಡೆದು, ಹೊರಬಂದ ಹುಳಗಳನ್ನು ಚಿಮುಟದಿಂದ ತೆಗೆಯಿರಿ. ಎಲ್ಲರೂ ಎಡವುವುದು ಇಲ್ಲೇ: ಮೇಲಿನ ಹುಳ ಹೋದ ತಕ್ಷಣ ಅರಿಸಿನ ಮೆತ್ತಿ ಮುಚ್ಚಿಬಿಡುತ್ತಾರೆ. ಒಳಗೆ ಉಳಿದವು ಇನ್ನೂ ಆಳಕ್ಕೆ ಕೊರೆಯುತ್ತವೆ. ಕುತ್ತಿಗೆಯಲ್ಲಂತೂ ಉಸಿರುನಾಳ, ರಕ್ತನಾಳ ಹತ್ತಿರವೇ ಇವೆ. ಮಳೆಗಾಲದಲ್ಲಿ ನೊಣ ಮತ್ತೆ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹೊಸ ಹುಳ. ಹಾಗಾಗಿ ದಿನಾ ಗಾಯ ನೋಡಿ.

ನೋವಿಗೆಂದು ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ, ನಾಯಿ ಸತ್ತೇ ಹೋಗಬಹುದು. ಹುಳ ಕೊಲ್ಲುವ ಔಷಧ ಐವರ್ಮೆಕ್ಟಿನ್ ಕೂಡ ತೂಕ ನೋಡಿ ವೈದ್ಯರೇ ಕೊಡಬೇಕು. ರಂಧ್ರ ಆಳವಾಗಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ ತಡಮಾಡದೆ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿದೆ.