ಎಕ್ಸ್‌ಟರ್ನಲ್ ಎಸ್‌ಎಸ್‌ಡಿಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆ, ಮೈಎಸ್‌ಕ್ಯೂಎಲ್‌ಗೆ ಬದಲಾಯಿಸಲಾ?

ಬದಲಾಯಿಸಬೇಡಿ. ಕೆಳಗಿನ ಡಿಸ್ಕೇ ಕೈಕೊಡುತ್ತಿದ್ದರೆ ಮೈಎಸ್‌ಕ್ಯೂಎಲ್ ಕೂಡ ಬೀಳುತ್ತದೆ, ಅಲ್ವಾ?

ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯ ಲೆಕ್ಕವನ್ನು ನಾನು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ ಇಟ್ಟಿದ್ದೆ, ಡೇಟಾ ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ. ಸೀಸನ್ ಶುರುವಾಗಿ ರಾಶಿ, ಬೆಟ್ಟೆ, ಗೊರಬಲು ಅಂತ ಲಾಟ್‌ಗಳು ಜಾಸ್ತಿಯಾದ ಹಾಗೆ ಪೋಸ್ಟ್‌ಗ್ರೆಸ್ ಬೀಳತೊಡಗಿತು. ಎಫ್‌ಸಿಂಕ್ ಆಗಲಿಲ್ಲ ಅಂತ ಲಾಗ್‌ನಲ್ಲಿ ಪ್ಯಾನಿಕ್. ಹೊರಗೆ ಗಾಡಿಗಳು ಸಾಲಾಗಿ ನಿಂತಿದ್ದವು. ನಾನು ಎಫ್‌ಸಿಂಕನ್ನೇ ಆಫ್ ಮಾಡಿದೆ. ಕ್ರ್ಯಾಶ್ ನಿಂತಿತು.

ದಯವಿಟ್ಟು ಅದೊಂದನ್ನು ಮಾಡಬೇಡಿ. ಬರೆದದ್ದು ನಿಜವಾಗಿ ಡಿಸ್ಕಿಗೆ ಇಳಿಯಿತಾ ಅಂತ ಡೇಟಾಬೇಸ್ ಖಾತ್ರಿ ಮಾಡಿಕೊಳ್ಳುವುದೇ ಎಫ್‌ಸಿಂಕ್. ಅದು ಒಮ್ಮೆ ಫೇಲ್ ಆದರೆ ಲಿನಕ್ಸ್ ಆ ಡೇಟಾವನ್ನು ಬಿಟ್ಟುಬಿಡಬಹುದು, ಮತ್ತೆ ಕೇಳಿದರೆ ಎಲ್ಲ ಸರಿ ಅನ್ನಬಹುದು. ಅದಕ್ಕೇ 2019ರ ಫೆಬ್ರವರಿಯಲ್ಲಿ ಬಂದ 11.2 ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಬೇಕೆಂದೇ ನಿಂತುಬಿಡುತ್ತದೆ. ಮತ್ತೆ ಎದ್ದಾಗ ವಾಲ್ ಫೈಲ್‌ಗಳನ್ನು, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲೇ ಬರೆದಿಟ್ಟ ಲಾಗನ್ನು, ನೋಡಿಕೊಂಡು ಹೊಸದಾಗಿ ಬರೆಯುತ್ತದೆ. ಆ ಕ್ರ್ಯಾಶೇ ನಮ್ಮ ಲೆಕ್ಕವನ್ನು ಕಾಯುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ. ಒಂದು ಸಂಜೆ ಮಳೆಗೆ ಕರೆಂಟ್ ಹೋಗಿ ಬಂತು ನೋಡಿ, ಲಾಟ್‌ಗಳ ಟೇಬಲ್ ಓದಲಿಕ್ಕೇ ಬರಲಿಲ್ಲ. ತೂಕದ ಚೀಟಿಗಳನ್ನು ಹರಡಿಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆವು. ಕಾರ್ಬನ್ ಮಾಸಿದ ಚೀಟಿಯನ್ನು ಬಲ್ಬಿಗೆ ಹಿಡಿದು, ಅದು 3ಓ 8ಓ ಅಂತ ನೋಡಬೇಕಿತ್ತು. ಅದು ಬೆಳೆಗಾರರ ವರ್ಷದ ದುಡಿಮೆ, ಅಂದಾಜಿನ ಮೇಲೆ ಬರೆಯುವ ಹಾಗಿಲ್ಲ.

ಕಾರಣ ಕರ್ನಲ್ ಲಾಗ್‌ನಲ್ಲಿ, ಅಂದರೆ ಲಿನಕ್ಸ್‌ನ ಸ್ವಂತ ಲಾಗ್‌ನಲ್ಲಿ, ಮೊದಲಿಂದಲೂ ಇತ್ತು: ‘ರೀಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’, ಅದರ ಬೆನ್ನಿಗೇ ಐಒ ಎರರ್. ಪೈ 4ರ ಯುಎಸ್‌ಬಿ ಪೋರ್ಟ್‌ಗಳೆಲ್ಲ ಸೇರಿ ಕೊಡುವುದೇ 1.2 ಆಂಪಿಯರ್. ನಮ್ಮಲ್ಲಿ ಎಸ್‌ಎಸ್‌ಡಿ ಜೊತೆ ಸಿಸಿಟಿವಿಯ ಹಾರ್ಡ್‌ಡಿಸ್ಕ್ ಕೂಡ ಅದಕ್ಕೇ ನೇತಾಡುತ್ತಿತ್ತು. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿದೆ, ಎಫ್‌ಸಿಂಕ್ ಆನ್ ಮಾಡಿದೆ. ಆಮೇಲೆ ಆ ಎರರ್ ಬರಲಿಲ್ಲ.

ನೀವು ಇವತ್ತೇ ಪಿಜಿ ಡಂಪ್‌ನಿಂದ ಡೇಟಾಬೇಸಿನ ಬ್ಯಾಕಪ್ ತೆಗೆದು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ನೋಡಿ. ಸುಮ್ನೆ ಫೈಲ್ ಇದ್ದರೆ ಸಾಲದು. ಆಮೇಲೆ ಕೇಬಲ್, ಪವರ್ ನೋಡಿ. ಆಗಲೂ ಬಿದ್ದರೆ ಯುಎಎಸ್ (ಯುಎಸ್‌ಬಿ ಡಿಸ್ಕ್ ಜೊತೆ ವೇಗವಾಗಿ ಮಾತಾಡುವ ವಿಧಾನ) ಆಫ್ ಮಾಡಿ, ಎಸ್‌ಎಸ್‌ಡಿ ಕೂರಿಸುವ ಕೆಲವು ಎನ್‌ಕ್ಲೋಶರ್‌ಗಳ ಚಿಪ್‌ಗೆ ಅದು ಆಗಿಬರುವುದಿಲ್ಲ. ಕ್ರ್ಯಾಶ್ ಆದ ಹೊತ್ತಿನ ಕರ್ನಲ್ ಲಾಗ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.