ಪಿಎಚ್‌ಡಿ ಆಯ್ತು, ಮತ್ತೇನು ಓದು?

ಪ್ರಶ್ನೆ: ಮಗಳು ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮುಗಿಸಿದ್ದಾಳೆ. ಈಗ ಎಐ ಬಳಸಿ ಮಕ್ಕಳ ಅಪರೂಪದ ಕಾಯಿಲೆಗಳ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡ್ತೀನಿ ಅಂತಾಳೆ. ಇದು ಕೆಲಸವೋ, ಮತ್ತೆ ಓದೋ?
– ಒಬ್ಬ ತಂದೆ, ಸಿಂಧನೂರು

ಉತ್ತರ: ಕೆಲಸವೇ ಸರ್, ತಿಂಗಳಿಗೆ ಹಣ ಬರುತ್ತದೆ. ಆದರೆ ಕಾಯಂ ಅಲ್ಲ, ಸಾಮಾನ್ಯವಾಗಿ ಎರಡು-ಮೂರು ವರ್ಷ ಅಷ್ಟೆ.

ಅಪರೂಪದ ಕಾಯಿಲೆಗಳು ಒಟ್ಟು ಸುಮಾರು 7000 ಇವೆ, ಹೆಚ್ಚಿನವು ಜೀನ್ ದೋಷದಿಂದ ಬರುವಂಥವು. ಒಬ್ಬರ ಜೀನೋಮ್‌ನಲ್ಲಿ, ಅಂದರೆ ಪೂರ್ತಿ ಡಿಎನ್‌ಎಯಲ್ಲಿ, ಲಕ್ಷಗಟ್ಟಲೆ ವ್ಯತ್ಯಾಸ ಇರುತ್ತವೆ, ಅದರಲ್ಲಿ ಕಾಯಿಲೆ ತಂದದ್ದು ಯಾವುದು ಅಂತ ಸೋಸಲು 2023ರಲ್ಲಿ ಬಂದ ಆಲ್ಫಾಮಿಸ್‌ಸೆನ್ಸ್‌ನಂಥ ಎಐ ನೆರವಾಗುತ್ತದೆ, ಆದರೆ ಕೊನೆಯ ಮಾತು ವೈದ್ಯರದ್ದೇ. ನಮ್ಮ ಕಡೆ ಅಕ್ಕನ ಮಗಳನ್ನೇ ತಂದುಕೊಳ್ಳುವ ರೂಢಿ ಇದೆಯಲ್ವಾ? ಅಂಥ ಮನೆಗಳಲ್ಲಿ ತಂದೆ-ತಾಯಿ ಇಬ್ಬರಿಂದಲೂ ಒಂದೇ ದೋಷ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ. ಇದನ್ನು ಬಲ್ಲ ಸಂಶೋಧಕಿ ನಮಗೆ ತುಂಬಾ ಬೇಕು.

ಸುಮ್ನೆ ಕೋಡ್ ಬರೆಯುವ ಲ್ಯಾಬ್ ಬೇಡ. ರೋಗಿಗಳನ್ನು ನೋಡುವ ವೈದ್ಯರ ಜೊತೆ ಸೇರಿ ಕೆಲಸ ಮಾಡುವ ಕಡೆ ಹೋಗಲಿ. ಹೈದರಾಬಾದಿನ ಸಿಡಿಎಫ್‌ಡಿ (ಡಿಎನ್‌ಎ ಪರೀಕ್ಷೆ, ಸಂಶೋಧನೆಯ ಕೇಂದ್ರ), ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ನೋಡಬಹುದು. ಸೇರುವ ಮೊದಲೇ ರೋಗಿಗಳ ಡೇಟಾ ಬಳಸಲು ಅನುಮತಿ ಸಿಕ್ಕಿದೆಯಾ ಅಂತ ಗೈಡ್‌ರನ್ನು ಕೇಳಲಿ.